ಸೌಂದರ್ಯಾಳ ಹರಕೆ ಕೂದಲು

"ಅಕ್ಕಾ, ನಮ್ಮ ಕೂಸಿನ ಕೂದಲ ಕತ್ತರ್ಸಿ ಬಿಟ್ಟಾರ!"

ಬೈಯಪ್ಪನಹಳ್ಳಿಯ ನಮ್ಮ ವಠಾರದ ಬಾಗಿಲಲ್ಲೇ ಬಾಲಮ್ಮ ಕುಸಿದು ಕೂತಳು. ಯಾದಗಿರಿ ಕಡೆಯವಳು, ಗಾರೆ ಕೆಲಸಕ್ಕೆ ಹೋಗುತ್ತಾಳೆ. ನಾನು ವೆಂಕಟಮ್ಮ, ಪಕ್ಕದ ಮನೆಯವಳು. ಉಚಿತ ಕಾನೂನು ನೆರವಿನ ಸ್ವಯಂಸೇವಕಿ. ಯಾರನ್ನೂ ಒಮ್ಮೆಗೇ ನಂಬುವ ಪೈಕಿ ನಾನಲ್ಲ.

ಬಾಲಮ್ಮನ ವಿಧವೆ ತಂಗಿ ಬೆಂಗಳೂರಿನಲ್ಲೇ ತೀರಿಕೊಂಡಾಗ ಇವಳು ತೊಗರಿ ಕೊಯ್ಲಿಗೆ ಊರಿಗೆ ಹೋಗಿದ್ದಳು. ಹುಡುಕಿದರೂ ಬಂಧುಗಳು ಸಿಗದೆ, ಮಕ್ಕಳ ಕಲ್ಯಾಣ ಸಮಿತಿಯವರು ತಂಗಿಯ ಮಗಳು ಸೌಂದರ್ಯಾಳನ್ನು ಇಂದಿರಾನಗರದ ಕೋಕಿಲಾ, ಯಜ್ಞನಾರಾಯಣ ದಂಪತಿಯ ಮನೆಯಲ್ಲಿ ಬಿಟ್ಟರು. ಸ್ವಲ್ಪ ಕಾಲ ಸಾಕುವ ಈ ಏರ್ಪಾಡಿಗೆ ಫಾಸ್ಟರ್ ಕೇರ್ ಎನ್ನುತ್ತಾರೆ. ಬಾಲಮ್ಮ ಮರಳಿದವಳೇ, ಮಗು ನಮ್ಮದು ಎಂದು ಕೋರ್ಟಿಗೆ ಹೋದಳು. ತೀರ್ಪು ಬರುವ ತನಕ ಸಮಿತಿ ಕಚೇರಿಯಲ್ಲಿ ಮಗುವನ್ನು ನೋಡಬಹುದಿತ್ತು. ಕೂದಲು ಹೋದ ಸುದ್ದಿ ಅವತ್ತು ಅಲ್ಲಿಂದಲೇ ಫೋನಿನಲ್ಲಿ ಬಂದಿತ್ತು.

"ಅದು ಮನೆದೇವರಿಗೆ ಕೊಡೋ ಹರಕಿ ಕೂದಲ. ನಮ್ಮ ದೇವರನ್ನ ಬಿಡಿಸಿ ತಮ್ಮ ಮಗಳ್ನ ಮಾಡ್ಕೊಳ್ಳಾಕ ಹತ್ಯಾರ," ಎಂದ ಬಾಲಮ್ಮನ ಗಂಡ ಭಗವಂತರಾಯ. "ಮುಂದಿನ ಭೇಟಿಗೆ ಐಸ್‌ಕ್ರೀಮ್ ಕೊಡಸ್ತೀವಿ ಅಂತ ಹೊರಗ ಕರ್ಕೊಂಡು ಬರೋದು. ಸೀದಾ ರೈಲು, ಸೀದಾ ಊರು."

ನಾನು ಅವನನ್ನು ತಡೆದೆ.

"ರೈಲು ಹತ್ತಿದ್ರೆ ಹಿಂದೇನೇ ಪೊಲೀಸ್ರು ಬರ್ತಾರೆ. ಆಮೇಲೆ ಯಾವ ಜಡ್ಜು ನಿಮ್ಮನ್ನ ನಂಬಿ ಮಗು ಕೊಡ್ತಾರೆ?"

"ಅವರು ದೊಡ್ಡ ಮಂದಿ, ಅಕ್ಕಾ. ನಮ್ಮ ಮಾತ ಯಾರ ಕೇಳ್ತಾರ?" ಎಂದಳು ಬಾಲಮ್ಮ.

"ಫಾಸ್ಟರ್ ಅಂದ್ರೆ ದತ್ತು ಅಲ್ಲ ಕಣೇ. ನಿನಗೂ ಪುಕ್ಕಟೆ ವಕೀಲರನ್ನ ಕೊಟ್ಟಿಲ್ವಾ? ಕೂದಲಿನ ವಿಷ್ಯ ಸಮಿತಿಯವ್ರ ಎದುರಿಗೇ ಕೇಳೋಣ."

ಬಾಯಲ್ಲಿ ಹಾಗೆಂದೆ. ಒಳಗೊಳಗೆ ಕೋಕಿಲಾ ಮೇಲೆ ನನಗೂ ಗುಮಾನಿಯೇ.

ಮುಂದಿನ ಭೇಟಿಗೆ ನಾನೂ ಹೋದೆ. ಭಗವಂತರಾಯ ಒಳಗೆ ಬರಲಿಲ್ಲ. ಕೋಕಿಲಾ ಮಗುವಿನ ಕೈ ಬಿಗಿಯಾಗಿ ಹಿಡಿದು ಕೂತಿದ್ದರು. ಮೊದಲು ಸಿಡಿದವರೂ ಅವರೇ.

"ಕೋರ್ಟಲ್ಲಿ ನಮ್ಮ ಮೇಲೆ ದೂರು ಹೇಳೋಕೆ ನೀವೇ ಮಗೂಗೆ ಹೇಳ್ಕೊಟ್ಟು ಕೂದಲು ಕತ್ತರಿಸ್ಕೊಳ್ಳೋ ಹಾಗೆ ಮಾಡಿದ್ರಿ ಅಲ್ವಾ?"

"ನಾ ಯಾಕ ಹೇಳ್ಲಿ? ಕತ್ತರಿ ನಿಮ್ಮ ಮನೀದು!" ಎಂದಳು ಬಾಲಮ್ಮ.

ಅಲ್ಲಿನ ಸಮಾಲೋಚಕಿ ರಂಜನಾ ಇಬ್ಬರನ್ನೂ ಸುಮ್ಮನಿರಿಸಿ, ಮಗುವಿನ ಪಕ್ಕ ನೆಲದ ಮೇಲೆ ಕೂತರು. "ಏನಾಯ್ತು ಪುಟ್ಟಿ?"

ಸೌಂದರ್ಯಾ ಜೇಬಿನಿಂದ ಕರ್ಚೀಫಿನ ಗಂಟು ತೆಗೆದು ಬಾಲಮ್ಮನಿಗೆ ಕೊಟ್ಟಳು. ಒಳಗೆ ಕೂದಲು.

"ದೊಡ್ಡವ್ವಾ, ದೇವರಿಗೆ ಕೂದಲ ಕೊಟ್ಟ ಮ್ಯಾಲೆ ನಮ್ಮ ಮನೀಗೆ ಕರ್ಕೊಂಡು ಹೋಗ್ತೀನಿ ಅಂದಿದ್ಯಲ್ಲ? ಅದಕ್ಕ ನಾನೇ ಕತ್ತರಿಸ್ಕೊಂಡೆ. ಈಗ ಹೋಗೂನು? ಕೋಕಿಲಾ ಆಂಟೀನೂ ಬರ್ಲಿ."

ಕೋಕಿಲಾ ಸೆರಗಿನಿಂದ ಮುಖ ಮುಚ್ಚಿಕೊಂಡರು. ನನಗಂತೂ ನಮ್ಮೆಲ್ಲರ ಬಗ್ಗೆ ನಾಚಿಕೆಯಾಯಿತು. ಬಾಲಮ್ಮ ಎದ್ದು ಹೊರಗೆ ಹೋದಳು. ಗೇಟಿನ ಹತ್ತಿರ ಅವಳ ಗಂಡ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಆಟೋ ಕಳಿಸ್ರೀ," ಎಂದಳು. "ಕೋರ್ಟ್ ಕೊಟ್ಟಾಗ ಕರ್ಕೊಂಡು ಹೋಗೂನು."

ರಂಜನಾ ಮಗುವಿನ ಮಾತನ್ನು ಇದ್ದದ್ದು ಇದ್ದ ಹಾಗೆ ವರದಿ ಮಾಡಿದರು. ಬಾಲಮ್ಮನ ಮನೆಯನ್ನೂ ಬಂದು ನೋಡಿದರು. ಮೊದಲು ಭಾನುವಾರಗಳು, ಆಮೇಲೆ ದಸರಾ ರಜೆ, ಕೊನೆಗೆ ಕೋರ್ಟಿನ ಆದೇಶದಂತೆ ಸೌಂದರ್ಯಾ ದೊಡ್ಡವ್ವನ ಮನೆಗೇ ಬಂದಳು. ಮೊನ್ನೆ ಹರಕೆ ತೀರಿಸಲು ಯಾದಗಿರಿಗೆ ಹೊರಟರು. ಆ ರೈಲಿಗೆ ಕೋಕಿಲಾ ಕೂಡ ಹತ್ತಿದರು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬಂಧುಗಳ ಮಗು ಬೇರೆಯವರ ಆಸರೆಯಲ್ಲಿದೆಯೇ? ಕದ್ದು ಕರೆದೊಯ್ಯಬೇಡಿ. ಮಕ್ಕಳ ಕಲ್ಯಾಣ ಸಮಿತಿಗೆ ಹೋಗಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಮಗುವನ್ನು ಸಾಕುತ್ತಿರುವವರೇ, ಹುಡುಕಿಕೊಂಡು ಬಂದವರನ್ನು ಕಳ್ಳರಂತೆ ನೋಡಬೇಡಿ. ಅನುಮಾನವಿದ್ದರೆ ದೊಡ್ಡವರ ಎದುರು ಹೇಳಿ, ಮಗುವಿನ ಕಿವಿಗೆ ಹಾಕಬೇಡಿ. ಅದರ ಕೈಗೆ ಕತ್ತರಿ ಬರುವ ತನಕ ಕಾಯಬೇಡಿ.