ಸೈನಿಕನ ಮೇಲ್ದುಟಿ

ಆ ವರ್ಷ ಊರಿನ ಮುಂದಿದ್ದ ಅತಿ ಗಂಭೀರ ಪ್ರಶ್ನೆಯೆಂದರೆ, ಯುದ್ಧದಲ್ಲಿ ಮಡಿದ ಸೈನಿಕನಿಗೆ ಮೀಸೆ ಇತ್ತೇ ಇಲ್ಲವೇ ಎಂಬುದು. ಸೇತುವೆ ಬಿರುಕು ಬಿಟ್ಟಿತ್ತು, ಬಸ್ ನಿಲ್ದಾಣದ ಚಾವಣಿ ಒಂದು ಪಕ್ಕಕ್ಕೆ ವಾಲಿತ್ತು, ಅವೆಲ್ಲ ಕಾಯಬಹುದಿತ್ತು. ಮೀಸೆ ಕಾಯುವಂತಿರಲಿಲ್ಲ. ಚೌಕದಲ್ಲಿ ನಿಲ್ಲಬೇಕಾದ ಪ್ರತಿಮೆಯ ಜೇಡಿಮಣ್ಣಿನ ತಲೆ ಶಿಲ್ಪಿಯ ಶೆಡ್ಡಿನಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡು, ಜ್ವರ ಬಂದವರ ಹಾಗೆ ಕೂತಿತ್ತು.

"ಮಣ್ಣು ಒಣಗಿದ್ರೆ ಕಥೆ ಮುಗೀತು," ಎಂದ ಶಿಲ್ಪಿ, ನೀರು ಚಿಮುಕಿಸುತ್ತ. "ಬೇಗ ಹೇಳಿ ಸ್ವಾಮಿ, ಇಡ್ಲಾ ಬಿಡ್ಲಾ?"

ಹೇಳಬೇಕಾದವರು ಅಡಿಟಿಪ್ಪಣಿ. ಮುದ್ರಣಾಲಯದಲ್ಲಿ ಇಡೀ ಆಯುಷ್ಯ ಕರಡು ತಿದ್ದಿ ನಿವೃತ್ತರಾದವರು. ಯಾರಾದರೂ "ಇವತ್ತು ಬಿಸಿಲು ಜೋರು" ಎಂದರೂ "ಯಾವತ್ತಿಗಿಂತ?" ಎಂದು ಕೇಳುವ ಚಾಳಿಯಿಂದ ಈ ಅಡ್ಡಹೆಸರು ಸಂಪಾದಿಸಿದ್ದರು. ಸೈನಿಕನ ಜೀವನಚರಿತ್ರೆ ಬರೆಯಲು ಸ್ಮಾರಕ ಸಮಿತಿ ಅವರನ್ನೇ ಹಿಡಿದಿತ್ತು. ಕಂಡವರ ಪುಸ್ತಕಗಳ ತಪ್ಪು ಹೆಕ್ಕಿಯೇ ಕಣ್ಣು ಸವೆಸಿಕೊಂಡವರಿಗೆ ಸ್ವಂತದ ಪುಸ್ತಕ ಇದೇ ಮೊದಲು. ವಯಸ್ಸು ನೋಡಿದರೆ ಇದೇ ಕೊನೆಯೂ ಇದ್ದೀತು. ಅದರಲ್ಲಿ ಒಂದೇ ಒಂದು ಸುಳ್ಳೂ ನುಸುಳಕೂಡದೆಂದು ಅವರು ಹಟ ತೊಟ್ಟಿದ್ದರು.

ಸುಳ್ಳಿಗೇನೂ ಬರ ಇರಲಿಲ್ಲ. ಸೈನಿಕ ತನ್ನನ್ನು ಹೊಳೆಯಲ್ಲಿ ಮುಳುಗದಂತೆ ಕಾಪಾಡಿದನೆಂದು ಹೇಳುವವರು ಬೀದಿಗೊಬ್ಬರು ಸಿಕ್ಕಿದರು. ಎಲ್ಲರನ್ನೂ ನಂಬಿದರೆ, ಆ ಹೊಳೆಯಲ್ಲಿ ಈಜಿದವರಿಗಿಂತ ಮುಳುಗಿದವರೇ ಹೆಚ್ಚಾಗುತ್ತಿದ್ದರು. ಜರಡಿ ಹಿಡಿದ ಮೇಲೆ ಉಳಿದದ್ದು ಇಷ್ಟು: ಹುಡುಗ ಲೆಕ್ಕದಲ್ಲಿ ಹಿಂದೆ, ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ, ಹತ್ತೊಂಬತ್ತಕ್ಕೆ ಸೇನೆಗೆ ಸೇರಿದ, ಮೊದಲ ಚಳಿಗಾಲದಲ್ಲೇ ಗಡಿಯ ಬೆಟ್ಟವೊಂದರ ಮೇಲೆ ಗುಂಡಿಗೆ ಬಲಿಯಾದ. ಇದಿಷ್ಟನ್ನು ಎಷ್ಟೇ ಎಳೆದರೂ ಎರಡು ಪುಟ ದಾಟುತ್ತಿರಲಿಲ್ಲ.

ಇನ್ನು ಮೀಸೆ. ಸೈನಿಕನದೆಂದು ಇದ್ದದ್ದು ಒಂದೇ ಫೋಟೋ. ಅದರಲ್ಲಿ ದಿವಿನಾದ ಮೀಸೆಯಿತ್ತು. ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಮುದಿ ಕ್ಷೌರಿಕ ಬಾಯಿ ತೆರೆಯದಿದ್ದರೆ.

"ಮೀಸೆನಾ? ಅವನಿಗಾ?" ಕ್ಷೌರಿಕ ಬಾಚಣಿಗೆ ಕೆಳಗಿಟ್ಟು ನಕ್ಕ. "ಸೇನೆಗೆ ಹೊರಡೋ ಹಿಂದಿನ ದಿನ ಇದೇ ಕುರ್ಚೀಲಿ ಕೂತಿದ್ದ. ಶೇವಿಂಗ್ ಮಾಡು ಅಂದ. ಏನಂತ ಮಾಡ್ಲಿ? ಬೋಳಿಸೋಕೆ ಏನಾದ್ರೂ ಇರ್ಬೇಕಲ್ಲ! ಬೇಜಾರಾಗ್ಬಾರ್ದು ಅಂತ ನೊರೆ ಹಚ್ಚಿ ಒರೆಸಿ ಕಳಿಸ್ದೆ."

ಅಡಿಟಿಪ್ಪಣಿ ಸೈನಿಕನ ಅಕ್ಕನ ಬಳಿ ಹೋದರು. ಊರಿನ ಹಳೆಯ ಫೋಟೋ ಸ್ಟುಡಿಯೋದಲ್ಲಿ ಚಿತ್ರ ತಿದ್ದುವ ಕೆಲಸ ಮಾಡಿ ಮುದುಕಿಯಾದ ಆಕೆ, ಸ್ಟುಡಿಯೋ ಹೋಗಿ ಮೊಬೈಲ್ ಅಂಗಡಿ ಬಂದ ಮೇಲೂ ಅದರ ಹಿಂದಿನ ಕೋಣೆ ಬಿಟ್ಟಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, "ಫೋಟೋ ಇದೆಯಲ್ಲ, ನೋಡ್ಕೊಂಡು ಮಾಡ್ಲಿ," ಎಂದಳು. ಕ್ಷೌರಿಕ ಹೇಳಿದ್ದನ್ನು ತಿಳಿಸಿದರೆ, "ಅವನಿಗೆ ತನ್ನ ಕನ್ನಡಕ ಎಲ್ಲಿಟ್ಟಿದ್ದೀನಿ ಅಂತ ನೆನಪಿರಲ್ಲ," ಎಂದು ಬಾಗಿಲು ಮುಂದೆ ಮಾಡಿದಳು.

ಅಡಿಟಿಪ್ಪಣಿ ಬಿಡುವ ಪೈಕಿಯಲ್ಲ. ಆ ಕಾಲದ ಯುವಕರ ಮೀಸೆ ಹೇಗಿರುತ್ತಿತ್ತೆಂದು ತಿಳಿಯಲು ಮನೆ ಮನೆ ಅಲೆದು ಹಳೆಯ ಫೋಟೋ ಬೇಡಿ ತಂದರು. ಕರಡು ತಿದ್ದುವ ಭೂತಗನ್ನಡಿ ಹಿಡಿದು ಮೇಜಿನ ಮೇಲೆ ಬಗ್ಗಿದರು. ಹೆಡ್ಮಾಸ್ಟರರ ಮೀಸೆ. ಪೋಸ್ಟ್‌ಮ್ಯಾನನ ಮೀಸೆ. ಹಿಟ್ಟಿನ ಗಿರಣಿಯವನ ಮೀಸೆ. ಎಲ್ಲದರ ಎಡತುದಿಯೂ ಒಂದೆಳೆ ಮೇಲೆದ್ದಿತ್ತು. ಎಲ್ಲದರ ನಡುವೆಯೂ ಅದೇ ಸಣ್ಣ ಬೈತಲೆ. ಮುಖ ಬೇರೆ ಬೇರೆ. ಮೀಸೆ ಮಾತ್ರ ಊರಿಗೆಲ್ಲ ಒಂದೇ. ಸೈನಿಕನದೂ ಅದೇ.

ಕಾಫಿ ತಂದಿಟ್ಟ ಹೆಂಡತಿ ಬಗ್ಗಿ ನೋಡಿ, ಒಳಗೆ ಹೋಗಿ, ತಮ್ಮ ಮದುವೆಯ ಫೋಟೋ ತಂದು ಸಾಲಿನ ಕೊನೆಗಿಟ್ಟಳು. ಎಡತುದಿ ಒಂದೆಳೆ ಮೇಲೆ.

"ಮದುವೆ ಆದ್ಮೇಲೆ ಈ ಮೀಸೆ ಎಲ್ಲಿ ಹೋಯ್ತು ಅಂತ ಇಷ್ಟು ವರ್ಷ ಯೋಚ್ನೆ ಮಾಡ್ತಿದ್ದೆ," ಎಂದಳು. "ಕೇಳಿದ್ರೆ ನೊಂದ್ಕೋತೀರಿ ಅಂತ ಸುಮ್ನಿದ್ದೆ."

ಒಂದು ಕಾಲದಲ್ಲಿ ತಮಗೆ ಅಂಥ ಮೀಸೆ ಇತ್ತೆಂದೇ ನಂಬಿ ಬದುಕಿದ್ದ ಅಡಿಟಿಪ್ಪಣಿ, ಭೂತಗನ್ನಡಿಯನ್ನು ತಮ್ಮದೇ ಮೇಲ್ದುಟಿಯ ಮೇಲೆ ಹಿಡಿದು ನೋಡಿದರು. ಆಮೇಲೆ ಫೋಟೋಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅಕ್ಕನ ಕೋಣೆಗೆ ನಡೆದರು.

ಆಕೆ ಮಂಚದ ಮೇಲೆ ಸಾಲಾಗಿ ಹರಡಿದ ಮೀಸೆಗಳನ್ನು, ದೂರದೂರಿಗೆ ಕೊಟ್ಟ ಹೆಣ್ಣುಮಕ್ಕಳು ಒಟ್ಟಿಗೆ ಮನೆಗೆ ಬಂದರೆ ನೋಡುವ ಹಾಗೆ ನೋಡಿದಳು.

"ಚೆನ್ನಾಗೇ ಉಳ್ಕೊಂಡಿವೆ," ಎಂದಳು. "ಮೀಸೆ ತೆಗಿಯೋಕೆ ಎಲ್ರೂ ಬ್ಲೇಡ್ ಹಿಡೀತಾರೆ. ನಾನು ಬರ್ಸೋಕೆ ಹಿಡಿದೆ. ನೆಗೆಟಿವ್ ಮೇಲೆ ತುದೀಲಿ ಕೆರೆದ್ರೆ ಫೋಟೋದಲ್ಲಿ ಕಪ್ಪು ಬೀಳತ್ತೆ. ಪೆನ್ಸಿಲ್ ಆಡಿಸಿದ್ರೆ ಬಿಳುಪು."

"ಹಾಗಾದ್ರೆ ನಿಮ್ಮ ತಮ್ಮನಿಗೆ ಮೀಸೆ ಇರ್ಲಿಲ್ಲ."

"ತಿಂಗಳುಗಟ್ಲೆ ಎಣ್ಣೆ ತಿಕ್ಕಿದ, ಬರ್ಲಿಲ್ಲ. ಹೊರಡೋ ದಿನ ಬಂದು, ಅಕ್ಕಾ, ಆ ಹೆಡ್ಮಾಸ್ಟ್ರಿಗೆ ಹಾಕಿದ್ದನ್ನೇ ನನಗೂ ಹಾಕು ಅಂದ. ಇಲ್ದೇ ಇರೋದನ್ನ ಯಾಕೋ ಅಂದೆ. ಬೆಳೆಯೋ ಮಕ್ಳಿಗೆ ಒಂದಳತೆ ದೊಡ್ಡ ಅಂಗಿ ಹೊಲಿಸಲ್ವಾ, ಹಾಗೇ ಅಂದ್ಕೋ, ವಾಪಸ್ ಬರೋಷ್ಟರಲ್ಲಿ ಸರಿಹೋಗತ್ತೆ ಅಂದ."

ಮುಂದಿನ ಅಂಗಡಿಯಲ್ಲಿ ಯಾರದೋ ಮೊಬೈಲು ಒಂದಾದ ಮೇಲೊಂದು ರಾಗ ಹಾಡಿ ನೋಡುತ್ತಿತ್ತು. ಅಡಿಟಿಪ್ಪಣಿ ಮಂಚದ ಮೇಲಿನ ಫೋಟೋಗಳ ಸಾಲನ್ನು ನೇರಮಾಡಿದರು.

"ಅಮ್ಮಾ, ನನಗೆ ಅರ್ಥ ಆಗತ್ತೆ. ಆದ್ರೆ ಚರಿತ್ರೆ ಅಂದ್ಮೇಲೆ ಇದ್ದದ್ದು ಇದ್ದ ಹಾಗೇ ಇರ್ಬೇಕು. ಪ್ರತಿಮೆ ನೂರಾರು ವರ್ಷ ನಿಲ್ಲತ್ತೆ. ಇಲ್ಲದ ಮೀಸೆ..."

"ಇದ್ದದ್ದು ಇದ್ದ ಹಾಗಾ?" ಆಕೆ ತಮ್ಮನ ಫೋಟೋ ಎತ್ತಿ ಅವರ ಮೂಗಿನ ಮುಂದೆ ಹಿಡಿದಳು. "ಕಣ್ಣ ಕೆಳಗೆ ನೋಡಿ. ಏನಿದೆ?"

ಅವರು ಭೂತಗನ್ನಡಿ ಹಿಡಿದು ನೋಡಿದರು. "ಏನೂ ಇಲ್ಲ."

"ಇತ್ತು. ಮಸಿ ಬಳಿದ ಹಾಗೆ ಕಪ್ಪು. ನಾಕು ರಾತ್ರಿಯಿಂದ ನಿದ್ದೆ ಮಾಡಿರ್ಲಿಲ್ಲ, ಅಷ್ಟು ಹೆದರಿದ್ದ. ಊಟಕ್ಕೆ ಕೂತು ತುತ್ತು ಬಾಯಿಗಿಡದೆ ಅನ್ನ ಕಲಸ್ತಾನೇ ಇದ್ದ, ನಾನು ಕಂಡೂ ಕಾಣದ ಹಾಗೆ ಎದ್ದುಹೋಗಿದ್ದೆ. ಅದನ್ನೆಲ್ಲ ಪೆನ್ಸಿಲ್ ಆಡಿಸಿ ನಾನೇ ತೆಗ್ದೆ. ಅವನು ಕೇಳಿರ್ಲಿಲ್ಲ." ಆಕೆ ಫೋಟೋವನ್ನು ಅವರ ಕೈಗಿಟ್ಟಳು. "ಮೀಸೆ ತೆಗೆಸ್ತೀರಾ, ತೆಗೆಸಿ. ಆದ್ರೆ ಆ ಕಪ್ಪನ್ನೂ ವಾಪಸ್ ಹಾಕಿಸ್ಬೇಕು. ಎರಡೂ ಆಗ್ಬೇಕು, ಒಂದನ್ನಷ್ಟೇ ಮಾಡಿದ್ರೆ ನಾನು ಒಪ್ಪಲ್ಲ. ಚೌಕದಲ್ಲಿ ನಿಲ್ಲಿಸಿ, ಹೆದರಿದ ಹುಡುಗನ್ನ ಊರೆಲ್ಲ ನೋಡ್ಲಿ."

ಅಡಿಟಿಪ್ಪಣಿ ಫೋಟೋವನ್ನು ನೋಡಿದರು. ಇಷ್ಟು ದಿನ ಜರಡಿ ಹಿಡಿದರೂ ಸಿಗದಿದ್ದ ಸೈನಿಕ ಈಗ ಪೂರ್ತಿ ಸಿಕ್ಕಿದ್ದ. ಪುಸ್ತಕಕ್ಕೆ ಹತ್ತು ಪುಟ ಆಗುವಷ್ಟು ಸಿಕ್ಕಿದ್ದ. ಎಲ್ಲದಕ್ಕೂ ಸಾಕ್ಷಿ ಎದುರಿಗೇ ಕೂತಿದ್ದಳು. ಇಂಥ ಸಾಕ್ಷಿ ಅವರಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಫೋಟೋಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಕೊನೆಗೆ ತಮ್ಮ ಮದುವೆಯದನ್ನು ಎತ್ತಿಕೊಳ್ಳುತ್ತ, "ನನಗೆ ಇದನ್ನ ಹಾಕು ಅಂತ ಯಾರು ಹೇಳಿದ್ದು?" ಎಂದು ಕೇಳಿದರು.

"ನಿಮ್ಮ ತಾಯಿ."

ಅಲ್ಲಿಂದ ಅವರು ನೇರ ಶೆಡ್ಡಿಗೆ ಹೋದರು. ಶಿಲ್ಪಿ ಒದ್ದೆ ಬಟ್ಟೆ ಬಿಚ್ಚಿ, ಹೆಬ್ಬೆರಳಿಗೆ ಮಣ್ಣು ಮೆತ್ತಿಕೊಂಡು ಕಾಯುತ್ತ ನಿಂತ.

"ಇಡು," ಎಂದರು ಅಡಿಟಿಪ್ಪಣಿ. "ಎಡತುದಿ ಒಂದೆಳೆ ಮೇಲಿರ್ಲಿ."

"ಸಾಕ್ಷಿ ಸಿಕ್ತಾ ಸ್ವಾಮಿ?"

"ಸಿಕ್ತು."

ಪ್ರತಿಮೆ ಈಗ ಚೌಕದಲ್ಲಿದೆ, ಮೀಸೆ ಸಮೇತ. ಪುಸ್ತಕವೂ ಅಚ್ಚಾಯಿತು. ಪುಟಪುಟಕ್ಕೂ ಅಡಿಟಿಪ್ಪಣಿಯಿದೆ, ಸೈನಿಕನ ಮುಖವನ್ನು ಬಣ್ಣಿಸುವ ಪುಟದಲ್ಲಿ ಮಾತ್ರ ಇಲ್ಲ.