ಹಲ್ಲಿನ ಆಸ್ಪತ್ರೆಯ ಉಪ್ಪುನೀರು

ಫೋನು ಎತ್ತಿದ ಕೂಡಲೇ ಆ ಕಡೆಯ ಹೆಂಗಸು ಹೇಳಿದ್ದು ಇಷ್ಟೇ: "ಮೀನಕ್ಕನಾ? ಮೂರು ಸತ್ತಿವೆ, ಎರಡು ಉಳಿದಿವೆ. ಹತ್ತು ಗಂಟೆಗೆ ಡಾಕ್ಟ್ರು ಬರ್ತಾರೆ. ಅಷ್ಟರೊಳಗೆ ಬನ್ನಿ."

ಮೀನಕ್ಕ ಎಂದರೆ ನಾನೇ. ಹಿಂದೆ ನೀರಿನ ಪಂಪು ರಿಪೇರಿ ಮಾಡುತ್ತಿದ್ದೆ. ಯಾರದೋ ಮನೆಯಲ್ಲಿ ಮೀನುತೊಟ್ಟಿಯ ಪಂಪು ಬಿಚ್ಚಲು ಹೋಗಿ ಮೀನಿನ ಹುಚ್ಚು ಹತ್ತಿಸಿಕೊಂಡು ಬಂದೆ. ಕಲಿಸುವವರು ಯಾರೂ ಇರಲಿಲ್ಲ; ನನ್ನ ಕೈಯಲ್ಲಿ ಸತ್ತ ಮೀನುಗಳೇ ನನಗೆ ಪಾಠ ಹೇಳಿದವು. ಹದಿನಾಲ್ಕು ವರ್ಷವಾಯಿತು. ಈಗ ತೊಟ್ಟಿಯ ಮುಂದೆ ಅರ್ಧ ಗಂಟೆ ಕೂತರೆ ಸಾಕು, ತೊಂದರೆ ಏನು ಅಂತ ಹೇಳಿಬಿಡುತ್ತೇನೆ. ಜಂಬವಲ್ಲ, ಅನುಭವ. ಸರಿ, ಸ್ವಲ್ಪ ಜಂಬವೂ ಇದೆ.

ಎಂಟು ಗಂಟೆಗೆಲ್ಲ ಬಕೆಟ್ಟು, ಪರೀಕ್ಷೆಯ ಪೆಟ್ಟಿಗೆ ಹಿಡಿದು ಹೋದೆ. ಅದು ಮಕ್ಕಳ ಹಲ್ಲಿನ ಆಸ್ಪತ್ರೆ. ಬಾಗಿಲು ತೆಗೆದವರು ಫೋನು ಮಾಡಿದ್ದ ಅಲ್ಲಿನ ನರ್ಸು, ಎಲ್ಲರ ಬಾಯಲ್ಲೂ ಸಿಸ್ಟರಮ್ಮ. ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿಯ ಮಡಿಕೆ ಮುರಿಯದ ಬಿಳಿ ಕೋಟು.

"ಕೈ ತೊಳ್ಕೊಳ್ಳಿ. ಅಲ್ಲಲ್ಲ, ಈ ನಲ್ಲಿ. ಮೊಣಕೈವರೆಗೆ."

ತೊಳೆದೆ. ಆ ಕೋಣೆಯ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಮಕ್ಕಳು ಕಾಯುವ ಪುಟ್ಟ ಕುರ್ಚಿಗಳ ಎದುರಿಗೇ ತೊಟ್ಟಿ. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಎರಡು ಸಮುದ್ರದ ಮೀನು ನೀರಿನ ಮೇಲ್ಮಟ್ಟಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ದೊಡ್ಡದು ದವಡೆ, ಸಣ್ಣದು ಕೋರೆ. ಮಕ್ಕಳಿಟ್ಟ ಹೆಸರು. ಬಾಚಿ, ಹುಳುಕು, ಹಾಲುಹಲ್ಲು, ಮೂರೂ ಹೋದ್ವು."

"ಹಾಲುಹಲ್ಲು ಹೇಗಿದ್ರೂ ಹೋಗೋದೇ ಬಿಡಿ" ಎಂದೆ. ಸಿಸ್ಟರಮ್ಮ ನಗಲಿಲ್ಲ.

"ಎರಡು ವರ್ಷ ಗೋಗರೆದು ಹಾಕಿಸಿದ ತೊಟ್ಟಿ ಇದು. ಮೂರು ವಾರ ಇಲ್ಲಿ ಒಂದು ಮಗು ಅತ್ತಿಲ್ಲ ಗೊತ್ತಾ? ನಿನ್ನೆ ಒಬ್ಬಳು ಸತ್ತ ಮೀನು ನೋಡಿ ಬಾಯಿ ಬಿಗಿದಳು ನೋಡಿ, ಯಾರಪ್ಪ ಹೇಳಿದ್ರೂ ತೆಗೀಲಿಲ್ಲ. ಇನ್ನೊಂದು ಸತ್ರೆ ತೊಟ್ಟಿ ಆಚೆಗೆ ಅಂದ್ಬಿಟ್ರು ಡಾಕ್ಟ್ರು. ನಾನು ಎತ್ತಿ ಆಡಿಸಿದ ಹುಡುಗ ಅವನು! ಅವರಪ್ಪನ ಕಾಲದಿಂದ ಇಲ್ಲಿದ್ದೀನಿ. ಈಗ ನನಗೇ ಕಟ್ಟಪ್ಪಣೆ."

ಉಪ್ಪು ಅಳೆದೆ, ಸರಿಯಿತ್ತು. ಕಾವು ನೋಡಿದೆ, ಅದೂ ಸರಿ. ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ ಅಮೋನಿಯಾ ಪರೀಕ್ಷೆಯ ಹನಿ ಹಾಕಿ ಕಾದೆ. ಹಳದಿಯಾಗಿ ಉಳಿಯಬೇಕಾದ ನೀರು ಕಡು ಹಸಿರಿಗೆ ತಿರುಗಿತು.

"ಅಂದ್ರೆ?"

"ಅಂದ್ರೆ ಪಾಪ, ಅವು ತಮ್ಮ ಉಚ್ಚೆಯಲ್ಲೇ ಉಸಿರಾಡ್ತಿವೆ. ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿರ್ತವೆ, ಆ ವಿಷ ತಿಂದು ಅರಗಿಸೋದೇ ಅವುಗಳ ಕೆಲಸ. ಮೂರು ವಾರ ಮಾಡಿವೆ. ಈಗೆಲ್ಲಿ ಹೋದವು? ನೀರಿಗೆ ಏನಾದ್ರೂ ಹಾಕಿದ್ರಾ? ಫಿನೈಲು, ಸ್ಪ್ರೇ, ಔಷಧಿ?"

"ಏನೂ ಇಲ್ಲ."

"ಊಟ ಜಾಸ್ತಿ?"

"ಅಳತೆ ಚಮಚ ಇದೆ."

"ಕರೆಂಟು ಹೋಗಿ ಪಂಪು ನಿಂತಿತ್ತಾ?"

"ಇಲ್ಲ ರೀ."

ಸುಳ್ಳು ಹೇಳುವ ಮುಖವಲ್ಲ ಅದು. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು, ನನ್ನ ಜಂಬ ಕೂಡ ಸ್ವಲ್ಪ ಬಾಯಿ ಬಾಯಿ ಬಿಡತೊಡಗಿತ್ತು. ಆಗ ತೊಟ್ಟಿಯ ತಳದ ಕಲ್ಲುಗಳತ್ತ ಕಣ್ಣು ಹೋಯಿತು. ಸಮುದ್ರದಿಂದ ಬಂದ ಕಲ್ಲು ಹೇಗಿರಬೇಕು? ಮೇಲೆ ನೇರಳೆ ಕಲೆ, ಹಸಿರು ಪಾಚಿ, ತೂತಿನೊಳಗೆ ಎಂಥದೋ ಹುಳ. ಇವು ಸೀಮೆಸುಣ್ಣದಷ್ಟು ಬೆಳ್ಳಗಿದ್ದವು. ಒಂದನ್ನು ಎತ್ತಿ ತಿರುಗಿಸಿದೆ. ಅಡಿಯಲ್ಲಿ ಕಪ್ಪು ಗೆರೆಗಳ ಒಂದು ಚೂರು ಕಾಗದದ ಟೇಪು ಅಂಟಿತ್ತು.

"ಇದೇನು?"

"ಅಯ್ಯೋ, ಬಿಟ್ಟುಹೋಗಿದೆಯಾ? ಆಟೋಕ್ಲೇವ್ ಟೇಪು. ಒಳಗೆ ಕಾವು ಪೂರ್ತಿ ಸಿಕ್ಕಿದ್ರೆ ಗೆರೆ ಕಪ್ಪಾಗುತ್ತೆ. ನೋಡಿ, ಎಷ್ಟು ಚೆನ್ನಾಗಿ ಕಪ್ಪಾಗಿದೆ."

"ಹಲ್ಲು ಕೀಳೋ ಇಕ್ಕಳ ಬೇಯಿಸೋ ಯಂತ್ರದಲ್ಲಿ ಕಲ್ಲು ಬೇಯಿಸಿದ್ರಾ?"

"ಮತ್ತೆ? ಮಕ್ಕಳು ಬರೋ ಜಾಗ. ಕಲ್ಲಿನ ಮೇಲೆ ಲೋಳೆ, ಜೊತೆಗೊಂದು ಹುಳ ಬೇರೆ! ಭಾನುವಾರ ರಜ ಇತ್ತಲ್ಲ, ಬ್ರಷ್ಷಲ್ಲಿ ಉಜ್ಜಿ, ಪೊಟ್ಟಣ ಕಟ್ಟಿ, ನೂರ ಇಪ್ಪತ್ತೊಂದು ಡಿಗ್ರಿಯಲ್ಲಿ ಅರ್ಧ ಗಂಟೆ. ಆರಿಸಿ ವಾಪಸ್ ಇಟ್ಟೆ. ನೀರಿಗೆ ಏನೂ ಹಾಕಿಲ್ಲ ಅಂದ್ನಲ್ಲ."

"ವಾಸನೆ ಬರ್ಲಿಲ್ವಾ?"

"ಬಂತು. ಸೋಮವಾರ ಡಾಕ್ಟ್ರು ಚರಂಡಿ ರಿಪೇರಿಯವನನ್ನ ಕರೆಸಿದ್ರು."

ನನಗೆ ತಡೆಯಲಾಗಲಿಲ್ಲ. ಮಕ್ಕಳ ಕುರ್ಚಿಯ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ತಲೆ ಎತ್ತಿ ನೋಡಿದರೆ ಸಿಸ್ಟರಮ್ಮನ ಮುಖದ ಬಣ್ಣ ಇಳಿದಿತ್ತು. ಬುದ್ಧಿವಂತೆ, ಬಿಡಿಸಿ ಹೇಳಬೇಕಾಗಲಿಲ್ಲ.

"ಆ ಕೆಲಸದ ಜೀವಿಗಳು ಕಲ್ಲಲ್ಲೇ ಇದ್ವಾ?"

"ಹೆಚ್ಚಿನವು. ಬೆಂದವು ಈಗ ತೂತಿನೊಳಗೆ ಕೊಳೀತಿವೆ, ಅದೂ ವಿಷಾನೇ. ಮನಸ್ಸಿಗೆ ಹಚ್ಕೋಬೇಡಿ. ನಾನು ಮೊದಲ ವರ್ಷ ಇಂಥ ಕಲ್ಲನ್ನ ಬಿಸಿಲಲ್ಲಿ ಒಣಗಿಸಿದ್ದೆ. ನನ್ನ ಹತ್ರ ನಿಮ್ಮ ಯಂತ್ರ ಇರ್ಲಿಲ್ಲ, ಅಷ್ಟೇ ವ್ಯತ್ಯಾಸ. ಆದ್ರೆ ಇನ್ನು ಮೇಲೆ ಸಮುದ್ರದ ಕಲ್ಲು ಬೇಯಿಸಬೇಡಿ. ಕೆಲವುಗಳ ಆವಿ ಮನುಷ್ಯರಿಗೂ ಆಗಲ್ಲ."

"ಈ ಎರಡು ಉಳೀತವಾ?"

"ನನ್ನ ಮನೆ ತೊಟ್ಟಿಗೆ ಒಯ್ದರೆ ಇವತ್ತೇ ಚೇತರಿಸಿಕೊಳ್ತವೆ."

"ಖಾಲಿ ತೊಟ್ಟಿ ಕಂಡ್ರೆ ಸಂಜೆಗೇ ಎತ್ತಿಸ್ತಾರೆ. ಇಲ್ಲೇ ಬದುಕಿಸಿ ಮೀನಕ್ಕ."

"ಆಯ್ತು, ಬದುಕಿಸೋಣ."

ಕಲ್ಲುಗಳನ್ನೆಲ್ಲ ಹೊರಗೆ ತೆಗೆದೆ. ಸಿಸ್ಟರಮ್ಮ ಡ್ರಮ್ಮಿನಲ್ಲಿ ಬೆರೆಸಿಟ್ಟಿದ್ದ ಉಪ್ಪುನೀರಿನಿಂದ ಅರ್ಧ ತೊಟ್ಟಿ ಬದಲಾಯಿಸಿದೆವು. ಆಮೇಲೆ ನನ್ನ ಬಕೆಟ್ಟಿನಿಂದ ಸ್ಪಂಜು ತೆಗೆದೆ. ನನ್ನ ಮನೆಯ ತೊಟ್ಟಿಯದು, ಕಂದು ಬಣ್ಣ, ಮುಟ್ಟಿದರೆ ಗಸಿ ಸುರಿಯುತ್ತದೆ. ಸಿಸ್ಟರಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

"ಅದು ಈ ಕೋಣೆಯೊಳಗೆ ಬರಲ್ಲ."

"ನಿಮಗೆ ಬೇಕಾದ ಜೀವಿಗಳು ಇದರೊಳಗೇ ಇರೋದು."

"ಮೂವತ್ತೊಂದು ವರ್ಷ. ಇಲ್ಲಿಂದ ಒಂದು ಮಗು ಸೋಂಕು ಹತ್ತಿಸಿಕೊಂಡು ಮನೆಗೆ ಹೋಗಿಲ್ಲ."

ಅದು ನಿಜವೆಂದು ಆ ನೆಲವೇ ಹೇಳುತ್ತಿತ್ತು. ಹಾಗಾಗಿ ನಾನು ವಾದಿಸಲಿಲ್ಲ, ಸ್ಪಂಜು ಹಿಡಿದು ತೊಟ್ಟಿಯತ್ತ ನೋಡಿದೆ. ಕೋರೆ ಮೇಲೆ ಬಂತು, ಬಾಯಿ ತೆರೆಯಿತು, ಮುಚ್ಚಿತು. ಸಿಸ್ಟರಮ್ಮ ಅದನ್ನೇ ನೋಡಿದರು. ನಂತರ ಮೇಜಿನಿಂದ ರೋಗಿಗಳ ವಿವರ ಬರೆಯುವ ಹಾಳೆಯೊಂದನ್ನು ಎಳೆದುಕೊಂಡು ಪೆನ್ನು ತೆಗೆದರು.

"ವಯಸ್ಸು?"

"ನನಗಾ?"

"ಸ್ಪಂಜಿಗೆ."

"ನಾಲ್ಕು ವರ್ಷ."

"ಆ ತೊಟ್ಟಿಯಲ್ಲಿ ಈ ವರ್ಷ ಸಾವು?"

"ಒಂದೂ ಇಲ್ಲ."

"ಚರ್ಮದ ಕಾಯಿಲೆ? ಹೊಸ ಮೀನು? ಔಷಧಿ ಏನಾದ್ರೂ ಹಾಕಿದ್ದು?"

"ಇಲ್ಲ, ಇಲ್ಲ, ಇಲ್ಲ."

ಎಲ್ಲ ಬರೆದರು. ಕೋಟಿನ ತೋಳು ಮಡಚಿದರು. ಗ್ಲೌಸಿನ ಡಬ್ಬಿಯ ಕಡೆ ಹೋದ ಕೈಯನ್ನು ತಾವೇ ಹಿಂದಕ್ಕೆ ತಂದು, ಬರಿಗೈಯಲ್ಲಿ ಸ್ಪಂಜು ಇಸಿದುಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ ನೀರಿಗೆ ಇಳಿಸಿದರು.

ತೊಟ್ಟಿಯೊಳಗೆ ಕಂದು ಮೋಡ ಎದ್ದಿರುವಾಗಲೇ ಡಾಕ್ಟರು ಬಂದರು. "ಸಿಸ್ಟರ್, ಏನಿದು ಗಲೀಜು!"

"ಚಿಕಿತ್ಸೆ. ತಪ್ಪು ನನ್ನದು, ಕಲ್ಲು ಆಟೋಕ್ಲೇವ್ ಮಾಡಿದ್ದೆ. ಇವತ್ತು ಬುಧವಾರ, ಶನಿವಾರದವರೆಗೆ ಬಿಡಿ. ಪರೀಕ್ಷೆಯ ನೀರು ಹಳದಿಗೆ ಬರದಿದ್ರೆ ತೊಟ್ಟಿ ನಾನೇ ಖಾಲಿ ಮಾಡ್ತೀನಿ."

"ಕಲ್ಲನ್ನಾ?" ಎಂದ ಡಾಕ್ಟರಿಗೆ ಚರಂಡಿಯವನು ನೆನಪಾದನೋ ಏನೋ, ತುಟಿ ಕಚ್ಚಿಕೊಂಡು ಒಳಗೆ ನಡೆದರು.

ಅಂದಿನಿಂದ ಎಂಟು, ಹನ್ನೆರಡು, ನಾಲ್ಕು, ಮತ್ತೆ ಎಂಟಕ್ಕೆ ಸಿಸ್ಟರಮ್ಮ ನೀರು ಪರೀಕ್ಷಿಸಿ ಹಾಳೆಯಲ್ಲಿ ಬರೆದರು. ಗುರುವಾರ ಸಂಜೆ ಫೋನು ಬಂತು. "ಕೋರೆ ಮಗ್ಗುಲಾಗಿ ಮಲಗಿದೆ. ಕಾಲು ಭಾಗ ನೀರು ಬದಲಾಯಿಸಿದೆ. ಉಪ್ಪು, ಕಾವು ಎರಡೂ ಅಳೆದೇ ಹಾಕಿದ್ದು. ಗಾಳಿ ಜಾಸ್ತಿ ಬಿಟ್ಟಿದ್ದೀನಿ. ಇನ್ನೇನು ಮಾಡ್ಲಿ?"

"ಇನ್ನೇನೂ ಇಲ್ಲ. ನಾನಿದ್ರೂ ಇಷ್ಟೇ ಮಾಡ್ತಿದ್ದೆ. ಇವತ್ತು ಊಟ ಹಾಕ್ಬೇಡಿ."

ನಾನು ಹೋಗಲೂ ಇಲ್ಲ. ಅಷ್ಟು ಅಚ್ಚುಕಟ್ಟಾಗಿ ನೋಡಿಕೊಳ್ಳುವವರಿರುವಾಗ ನಾನು ಹೋಗಿ ಯಾಕೆ ಅಡ್ಡ ನಿಲ್ಲಲಿ?

ಶನಿವಾರ ಬೆಳಿಗ್ಗೆ ಹೋದಾಗ ಕೋರೆ ದವಡೆಯ ಬಾಲ ಹಿಡಿಯಲು ಓಡಾಡುತ್ತಿತ್ತು. ಸಿಸ್ಟರಮ್ಮ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಪ್ಪಟ ಹಳದಿ. ಹನ್ನೆರಡನೆಯ ಸಾಲು ಬರೆದು ಹಾಳೆಯನ್ನು ಡಾಕ್ಟರ ಕೈಗಿತ್ತರು. ಡಾಕ್ಟರು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿ ಓದಿದರು. ಪೆನ್ನು ತೆಗೆದು ಕೊನೆಯಲ್ಲಿ 'ಇದೇ ಚಿಕಿತ್ಸೆ ಮುಂದುವರಿಸಿ' ಎಂದು ಬರೆದು ಸಹಿ ಹಾಕಿದರು.

ಡಾಕ್ಟರು ಒಳಗೆ ಹೋದದ್ದೇ ತಡ, ಸಿಸ್ಟರಮ್ಮ ನನ್ನ ಕಡೆ ತಿರುಗಿದರು.

"ತೊಟ್ಟಿ ಬೋಳು ಬೋಳಾಗಿದೆ ಮೀನಕ್ಕ. ಹೊಸ ಕಲ್ಲು ಯಾವಾಗ ತರ್ತೀರಿ? ಹುಳ ಇದ್ರೂ ಇರ್ಲಿ, ತೊಳೀದೇ ತನ್ನಿ."