ನನ್ನನ್ನು ‘ಫ’ ಎಂದು ಕರೆದವರು

ನಾನು ಹಳಗನ್ನಡದ ಒಂದು ಅಕ್ಷರ. ನನ್ನ ರೂಪ ‘ೞ’. ಕಲ್ಲುಕುಟಿಗರ ಉಳಿಯ ಮೊನೆಯಲ್ಲಿ ಬೆಳೆದವನು. ಆಗ ಬದುಕಿಗೆ ‘ಬಾೞ್’ ಎನ್ನುತ್ತಿದ್ದರು, ಪಟ್ಟಣಕ್ಕೆ ‘ಪೊೞಲ್’ ಎನ್ನುತ್ತಿದ್ದರು. ನಾಲಿಗೆ ಹಿಂದಕ್ಕೆ ಮಡಚಿದರೆ ಮಾತ್ರ ನಾನು ಹೊರಡುತ್ತಿದ್ದೆ. ಕ್ರಮೇಣ ನಾಲಿಗೆಗಳು ಸೋಮಾರಿಯಾದವು, ನನ್ನ ಜಾಗದಲ್ಲಿ ‘ಳ’ ಬಂದು ಕೂತಿತು. ಅದಕ್ಕೆ ನನಗೆ ಸಿಟ್ಟಿಲ್ಲ. ಭಾಷೆ ನಡೆಯುವುದೇ ಹಾಗೆ.

ಸಿಟ್ಟು ಬಂದದ್ದು ಕಂಪ್ಯೂಟರ್ ಬಂದ ಮೇಲೆ. ಯಂತ್ರಕ್ಕೆ ಅಕ್ಷರದ ಗುರುತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಇಂಗ್ಲಿಷ್ ಹೆಸರು ಕೊಟ್ಟು ಪಟ್ಟಿ ಮಾಡಿದರು. ನನಗೆ ಕೊಟ್ಟ ಹೆಸರು ‘ಫ’. ಫ್ಯಾನು, ಫೋನುಗಳ ಫ! ಆಮೇಲೆ ತಪ್ಪೆಂದು ಒಪ್ಪಿ ಪಕ್ಕದಲ್ಲಿ ಟಿಪ್ಪಣಿ ಬರೆದರು. ಆದರೆ ಒಮ್ಮೆ ಇಟ್ಟ ಹೆಸರು ಎಂದೂ ಬದಲಾಗದು, ಅದು ಅವರ ನಿಯಮ. ತಪ್ಪು ಮಾಡಿದವರು ಅವರು, ಹೊತ್ತು ತಿರುಗಬೇಕಾದವನು ನಾನು.

ಇದರ ಪೆಟ್ಟು ಬಿದ್ದದ್ದು ಗುರುದೇವಿ ಕಲಕೇರಿಗೆ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ಆಕೆಗೆ ಹುಟ್ಟಿನಿಂದ ಕಣ್ಣು ಕಾಣದು. ಕಂಪ್ಯೂಟರ್ ಓದಿ ಹೇಳಿದ್ದನ್ನು ಕೇಳಿಯೇ ಕಲಿಯುತ್ತಿದ್ದಳು. ಒಂದು ದಿನ ತರಗತಿಯಲ್ಲಿ ವೀರಗಲ್ಲಿನ ಸಾಲೊಂದನ್ನು, ಕಿವಿಯಲ್ಲಿ ಯಂತ್ರ ಉಸುರಿದಂತೆಯೇ ಒಪ್ಪಿಸಿದಳು: “ಪೊಫಲಂ ಕಾದು ಸತ್ತಂ.”

ತರಗತಿ ನಕ್ಕಿತು. ಪ್ರೊಫೆಸರ್ ನಾಡಗೌಡರು, “ಪಟ್ಟಣ ಕಾಯ್ದು ಸತ್ತವನ ಕಲ್ಲಿದು. ಹೀಂಗ ಕೆಡಸಬಾರದವಾ” ಎಂದರು.

“ಮಷೀನ್ ಹಂಗ ಓದತೈತ್ರಿ ಸರ. ನನಗ ಅದೊಂದ ಕಣ್ಣು.”

“ಹಂಗಾರ ಹಳಗನ್ನಡ ಬಿಟ್ಟು ಬ್ಯಾರೆ ವಿಷಯ ತಗೋ. ಮೌಖಿಕ ಪರೀಕ್ಷೆ ಹತ್ರ ಬಂತು.”

ಗುರುದೇವಿ ಬಿಡಲಿಲ್ಲ. ತಂತ್ರಾಂಶ ಮಾಡಿದವರಿಗೆ ಫೋನ್ ಹಚ್ಚಿದಳು.

“ಪಟ್ಟಿಯಲ್ಲಿ ಹೆಸರು ಹಾಗೇ ಇದೆ ಮೇಡಂ. ಅದು ಬದಲಾಗಲ್ಲ” ಎಂದ ಆ ಕಡೆಯವನು.

“ಹೆಸರು ನೀವ ಇಟ್ಕೊಳ್ರಿ. ಉಚ್ಚಾರ ನಿಮ್ಮದಲ್ಲೇನು? ನಿಮ್ಮ ತಪ್ಪು ನನ್ನ ಬಾಯಾಗ ಯಾಕ ತುರುಕತೀರಿ?”

ಅವನು, “ಸರಿ, ಹೇಗೆ ಉಚ್ಚರಿಸಬೇಕು ಅಂತ ಧ್ವನಿ ಕಳಿಸಿ” ಎಂದ.

ನನ್ನನ್ನು ಉಚ್ಚರಿಸುವ ಕನ್ನಡಿಗರನ್ನು ಹುಡುಕಿದಳು, ಸಿಗಲಿಲ್ಲ. ಕೊನೆಗೆ ಹಾಸ್ಟೆಲ್‌ನ ಪಕ್ಕದ ಕೋಣೆಯ ಪೊನ್ನಿ ನೆನಪಾದಳು. ಈರೋಡಿನ ತಮಿಳು ಹುಡುಗಿ. ತಮಿಳಿನಲ್ಲಿ ನನ್ನ ಸದ್ದು ಇನ್ನೂ ಉಳಿದಿದೆ, ಆಕೆ ಎಣಿಸುವಾಗ ಏಳಕ್ಕೆ ‘ಏೞು’ ಎಂದೇ ಎನ್ನುತ್ತಿದ್ದಳು.

“ಇದು ನಮ್ಮ ಅಕ್ಷರ ಅಲ್ವಾ?” ಎಂದು ಪೊನ್ನಿ ಕೇಳಿದಳು.

“ನಮ್ಮದೂ ಹೌದವಾ. ನಾವು ಕಳಕೊಂಡೇವಿ, ನೀವು ಇಟಗೊಂಡೀರಿ.”

ಪೊನ್ನಿ ಮೊಬೈಲಿಗೆ ಬಾಯಿಟ್ಟು ನನ್ನನ್ನು ನುಡಿದಳು. ಎಷ್ಟೋ ಶತಮಾನಗಳ ಮೇಲೆ ಕನ್ನಡದ ಕೆಲಸಕ್ಕೆ ನಾನು ಸದ್ದಾಗಿ ಹೊರಬಿದ್ದೆ.

ತಂತ್ರಾಂಶದವರು ಆ ಧ್ವನಿ ಕೇಳಿ ಉಚ್ಚಾರ ತಿದ್ದಿದರು, ಮೌಖಿಕ ಪರೀಕ್ಷೆಯಂದು ಯಂತ್ರ ಸರಿಯಾಗಿ ಉಸುರಿತು. ಗುರುದೇವಿ, “ಪೊೞಲಂ ಕಾದು ಸತ್ತಂ” ಎಂದಳು. ನಾಡಗೌಡರು ಕನ್ನಡಕ ತೆಗೆದಿಟ್ಟು, “ಇನ್ನೊಮ್ಮೆ ಓದವಾ” ಎಂದರು.

ಪಟ್ಟಿಯಲ್ಲಿ ನಾನು ಇಂದಿಗೂ ‘ಫ’. ಆ ಸಿಟ್ಟು ಆರಿಲ್ಲ, ಆರಬೇಕಾಗಿಯೂ ಇಲ್ಲ. ಗುರುದೇವಿ ಈಗ ಕಾಲೇಜಿನಲ್ಲಿ ಹಳಗನ್ನಡ ಕಲಿಸುತ್ತಾಳೆ. ಮೊದಲ ಪಾಠದಲ್ಲೇ ಎಲ್ಲರಿಗೂ ನಾಲಿಗೆ ಮಡಚಲು ಹೇಳುತ್ತಾಳೆ. ಹುಡುಗರು ತೊದಲುತ್ತಾರೆ, ಒಬ್ಬನ ಬಾಯಲ್ಲಿ ನಾನು ‘ಳ’, ಇನ್ನೊಬ್ಬಳ ಬಾಯಲ್ಲಿ ‘ರ’. ಆ ತಪ್ಪುಗಳಿಗೆ ನನಗೆ ಸಿಟ್ಟು ಬರುವುದಿಲ್ಲ. ಅವರು ನನ್ನನ್ನು ಹುಡುಕುತ್ತಿದ್ದಾರೆ.